ಗುರುವಾರದ ಓದು

ನಾನು ಶಾಲೆ ಬಿಟ್ಟದ್ದು 1990ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೆ. ಆ ಶಾಲೆಯ ಕಟ್ಟಡ ಈಗ ನನಗೆ ನೆನಪಿಲ್ಲ, ಜೊತೆಗೆ ಕುಂತವರ ಮುಖವೂ ನೆನಪಿಲ್ಲ. ನೆನಪಿರುವುದು ಒಂದು ಬೆರಳು. ನಮಗೆ ಓದು ಕಲಿಸಿದ ಅಕ್ಕೋರ ಬಲಗೈ ತೋರುಬೆರಳು. ಯಾವಾಗಲೋ ಬಾಗಿಲ ಸಂದಿಗೆ ಸಿಕ್ಕು ಅದರ ಉಗುರು ಉದ್ದಕ್ಕೆ ಸೀಳಿತ್ತು. ಮತ್ತೆ ಬೆಳೆಯುವಾಗಲೂ ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಆ ಬೆರಳು ಪುಸ್ತಕದ ಸಾಲಿನ ಕೆಳಗೆ ಒಂದೊಂದೇ ಅಕ್ಷರ ದಾಟುತ್ತ ಹೋಗೋದು. ನಾನು ಎಡವಿದ ಕಡೆ ನಿಲ್ಲೋದು. ಅಕ್ಕೋರು ಬಯ್ಯುತ್ತಿರಲಿಲ್ಲ, ತಾವೇ ಹೇಳಿಯೂ ಕೊಡುತ್ತಿರಲಿಲ್ಲ. ನನ್ನ ಬಾಯಿಂದ ಅಕ್ಷರ ಹೊರಡುವ ತನಕ ಬೆರಳು ಅಲ್ಲೇ ಇರುತ್ತಿತ್ತು.

ನಮ್ಮಪ್ಪ ಮಾಸೂರಿನಲ್ಲಿ ಕೆರೆ ಕೆಳಗಿನ ಹೊಲಗಳಿಗೆ ಕೂಲಿ ಹೋಗುತ್ತಿದ್ದ. ಒಂದು ದಿನ ಚೀಲ ಹೊರುವಾಗ ಬೆನ್ನು ಹಿಡಿದು ಕುಂತವ ಮತ್ತೆ ನೆಟ್ಟಗೆ ಏಳಲಿಲ್ಲ. ಮನೆಗೆ ನಾನೇ ಹಿರಿಯ. ಹಂಸಭಾವಿಯಲ್ಲಿ ಒಬ್ಬ ಗೌಂಡಿಯ ಕೈಕೆಳಗೆ ಸಿಮೆಂಟ್ ಬುಟ್ಟಿ ಹೊರಲು ಸೇರಿಕೊಂಡೆ. ಹದಿನೈದು ದಿನ ಕಳೆದ ಮೇಲೆ ಅಕ್ಕೋರು ಅಲ್ಲಿಗೇ ಬಂದರು. ಬಿಸಿಲಲ್ಲಿ, ಕೊಡೆ ಹಿಡಿದು, ಉಸುಕಿನ ಗುಡ್ಡೆಯ ಪಕ್ಕ ನಿಂತರು.

"ಶಾಲಿ ಬಿಟ್ಟಿ, ಅದು ನಿನ್ನ ಕೈಯಾಗಿಲ್ಲ. ಓದೂದು ಬಿಡಬ್ಯಾಡ. ಅದು ನಿನ್ನ ಕೈಯಾಗೈತಿ," ಅಂದರು.

ಹೂಂ ಅಂದೆ. ಬಿಟ್ಟೆ.

ಬದಲಿಗೆ ಗೋಡೆ ಕಟ್ಟುವುದು ಕಲಿತೆ, ಅದನ್ನು ಚೆನ್ನಾಗಿಯೇ ಕಲಿತೆ. ಇಪ್ಪತ್ತೆರಡಕ್ಕೆ ನಾನೇ ಗೌಂಡಿ ಅನ್ನಿಸಿಕೊಂಡೆ. ಹಾನಗಲ್ಲಿಗೆ ಬಂದು ಮನೆ ಮಾಡಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ನಾನು ಕಟ್ಟಿದ ಮನೆಗಳಿವೆ. ಯಾವ ಗೋಡೆಗೆ ಬೇಕಾದರೂ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿ, ಒಂದು ನೂಲು ಆಚೀಚೆ ಇರುವುದಿಲ್ಲ. ಕಾಗದ ಓದುವ ಪ್ರಸಂಗ ಬಂದರೆ "ಕನ್ನಡಕ ಮನ್ಯಾಗೈತಿ, ಓದಿ ಹೇಳ್ರಿ" ಅನ್ನುತ್ತಿದ್ದೆ. ನನಗೆ ಆಗ ಕನ್ನಡಕವೇ ಇರಲಿಲ್ಲ. ಪೂರ್ತಿ ಓದಲು ಬಾರದವನೇನಲ್ಲ. ನಿಧಾನ. ಒತ್ತಕ್ಷರ ಬಂದರೆ ನಿಲ್ಲುತ್ತಿದ್ದೆ. ನಿಂತದ್ದನ್ನು ಯಾರಾದರೂ ನೋಡಿದರೆ ಅನ್ನುವುದೇ ನನ್ನ ಕಷ್ಟ.

ಅಕ್ಕೋರು ನಿವೃತ್ತಿ ಆದ ಮೇಲೆ ಹಾನಗಲ್ಲಿಗೇ ಬಂದು ಚರ್ಚಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದರು. ಮದುವೆ ಆದವರಲ್ಲ. ಇಷ್ಟು ಸಣ್ಣ ಊರಿಗೆ ಯಾಕೆ ಬಂದಿರಿ ಅಂತ ಕೇಳಿದರೆ, "ದೊಡ್ಡ ಊರಿನ ಚರ್ಚಿನಾಗ ನಾ ಹೋಗದಿದ್ರ ಯಾರಿಗೂ ಗೊತ್ತಾಗೂದಿಲ್ಲ. ಇಲ್ಲಿ ಗೊತ್ತಾಕ್ಕೇತಿ," ಅಂದರು. ನಮ್ಮ ಚರ್ಚಿನ ಸಭೆ ಅಂದರೆ ಹನ್ನೊಂದು ಮನೆ, ಅದರಲ್ಲಿ ನಂದೂ ಒಂದು. ಒಬ್ಬರು ಬರದಿದ್ದರೆ ಒಂದು ಬೆಂಚು ಖಾಲಿ ಕಾಣುತ್ತದೆ.

ಭಾನುವಾರ ಒಂಬತ್ತೂವರೆಗೆ ಪ್ರಾರ್ಥನೆ. ಎಂಟೂವರೆಗೆ ಅಕ್ಕೋರು ಬಂದು ಬೆಂಚು ಒರೆಸಿ, ಕಿಟಕಿ ತೆರೆದು, ಎರಡನೇ ಸಾಲಿನಲ್ಲಿ ಗೋಡೆ ಬದಿಗೆ ಕೂಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ಆ ಜಾಗ ಖಾಲಿ ಇದ್ದದ್ದು ನಾನು ನೋಡಿದ್ದು ಒಂದೇ ಸಲ, ಕೆಲವು ವಾರ; ಅದನ್ನು ಮುಂದೆ ಹೇಳುತ್ತೇನೆ. ಸಭಾಪಾಲಕರನ್ನು ನಾವು ಅಯ್ನೋರು ಅಂತೀವಿ. ಅಯ್ನೋರು ಭಾನುವಾರ ಹೇಳಿದ್ದಕ್ಕೆ ಅಕ್ಕೋರು ಸೋಮವಾರ ಒಂದು ಪ್ರಶ್ನೆ ಒಯ್ಯುತ್ತಿದ್ದರು. ಒಂದೇ. ಚೀಟಿಯಲ್ಲಿ ಬರೆದುಕೊಂಡು, ಮನೆಗೆ ಹೋಗಿ, ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಒಮ್ಮೆ ಉಪದೇಶದ ವೇಳೆ ನಾನು ತೂಕಡಿಸಿದ್ದನ್ನು ನೋಡಿ ಹೊರಗೆ ನಿಲ್ಲಿಸಿಕೊಂಡರು.

"ರಾತ್ರಿ ನಿದ್ದಿ ಆಗಿಲ್ಲೇನು?"

"ವಾರಪೂರ್ತಿ ದುಡಿದಿರ್ತೇವಲ್ರಿ ಅಕ್ಕೋರ."

"ಹೇಳೂದು ಅಯ್ನೋರ ದುಡಿಮಿ, ಕೇಳೂದು ನಮ್ಮ ದುಡಿಮಿ. ನೀ ಕಟ್ಟಡದ ಮ್ಯಾಲ ನಿಂತು ತೂಕಡಿಸ್ತಿಯೇನು?"

"ಬಿದ್ದು ಸಾಯ್ತೇನ್ರಿ."

"ಇಲ್ಲಿ ಬಿದ್ರ ಕಾಣೂದಿಲ್ಲ, ಅಷ್ಟ ವ್ಯತ್ಯಾಸ."

ಅಯ್ನೋರೂ ಒಬ್ಬರೇ. ಅವರ ಹೆಂಡತಿ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು. ನಾಲ್ಕು ತಾಲೂಕಿಗೆ ಅವರೊಬ್ಬರೇ. ಬೆಳಿಗ್ಗೆ ಹಾನಗಲ್ಲಿನಲ್ಲಿ ಮುಗಿಸಿ ಮಧ್ಯಾಹ್ನ ಶಿಗ್ಗಾಂವಿಗೋ ಹಿರೇಕೆರೂರಿಗೋ ಹೋಗಬೇಕು. ತಿಂಗಳಿಗೊಮ್ಮೆ ಸವಣೂರಿನ ಒಂದು ಮನೆಯಲ್ಲಿ ಪ್ರಾರ್ಥನೆ. ಮೊದಲು ಮೋಟರ್‌ಸೈಕಲ್ ಇತ್ತು. ಆಮೇಲೆ "ಸೊಂಟ ನೋಯ್ತೈತಿ" ಅಂತ ಅದನ್ನು ಬಿಟ್ಟು ಬಸ್ಸಿಗೆ ಹೋಗತೊಡಗಿದರು. ನಾವೆಲ್ಲ ಸೊಂಟವೇ ಅಂದುಕೊಂಡಿದ್ದೆವು.

ಒಂದು ಸಲ ಸವಣೂರಿನಿಂದ ಅಕ್ಕೋರಿಗೆ ಫೋನು ಬಂತು, ಅಯ್ನೋರು ಇನ್ನೂ ಮುಟ್ಟಿಲ್ಲ ಅಂತ. ಆಮೇಲೆ ತಿಳಿಯಿತು: ಶಿಗ್ಗಾಂವಿ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ಸವಣೂರಿನದು ಅಂತ ಹುಲಗೂರಿನ ಬಸ್ಸು ಹತ್ತಿದ್ದರು. ದರ್ಗಾದ ಹತ್ತಿರ ಇಳಿದು ನಿಂತವರನ್ನು ಒಬ್ಬ ಚಹಾದಂಗಡಿಯವ ಕೂಡಿಸಿ, ಚಹಾ ಕುಡಿಸಿ, ಕೈಹಿಡಿದು ಮರಳಿ ಬಸ್ಸು ಹತ್ತಿಸಿದನಂತೆ. ಸಭೆಯಲ್ಲಿ ಎಲ್ಲರೂ ನಕ್ಕೆವು. "ಅಯ್ನೋರು ದರ್ಗಾಕ್ಕ ಹೋಗಿ ಬಂದಾರ, ಸಕ್ಕರಿ ಕೊಡ್ರಿ" ಅಂತ ನಾನೇ ಚೇಷ್ಟೆ ಮಾಡಿದೆ. ಅವರೂ ನಕ್ಕರು. ಅಕ್ಕೋರು ಮಾತ್ರ ನಗಲಿಲ್ಲ. ಮರುದಿನ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣಿನ ನರ ಒಣಗಿವೆ, ಆಪರೇಶನ್ನಿನಿಂದ ಬರುವಂಥದ್ದಲ್ಲ ಅಂದರಂತೆ ಡಾಕ್ಟರು. ಎದುರಿನ ಆಕಾರ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ಅಯ್ನೋರ ಸೇವೆ ಇನ್ನೂ ನಾಲ್ಕು ವರ್ಷ ಇತ್ತು. ಕಣ್ಣಿಲ್ಲ ಅಂತ ಚರ್ಚಿನ ಮೇಲಿನ ಕಚೇರಿಗೆ ಗೊತ್ತಾದರೆ ಅವರನ್ನು ಮನೆಗೆ ಕಳಿಸುತ್ತಾರೆ. ಹನ್ನೊಂದು ಮನೆಗೆ ಅಂತ ಇನ್ನೊಬ್ಬರನ್ನು ಕೊಡುವುದಿಲ್ಲ. ನಮ್ಮ ಚರ್ಚಿಗೆ ಬೀಗ ಬೀಳುತ್ತದೆ. ಇದು ಅಕ್ಕೋರಿಗೆ ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ಗುರುವಾರ ಮತ್ತು ಶನಿವಾರ ಸಂಜೆ ನಾಲ್ಕಕ್ಕೆ ಅಯ್ನೋರ ಮನೆಗೆ ಹೋಗಿ ಭಾನುವಾರದ ಬೈಬಲ್ ಪಾಠವನ್ನು ಓದಿ ಹೇಳತೊಡಗಿದರು. ಒಂದು ಸಲ ಪೂರ್ತಿ, ಆಮೇಲೆ ಸಾಲು ಸಾಲು, ಅಯ್ನೋರಿಗೆ ಬಾಯಿಪಾಠ ಆಗುವ ತನಕ. ಭಾನುವಾರ ಅಯ್ನೋರು ಪೀಠದಲ್ಲಿ ಪುಸ್ತಕ ತೆರೆದಿಟ್ಟುಕೊಂಡು, ಕಣ್ಣು ಕೆಳಗೆ ಹಾಕಿ, ನೆನಪಿನಿಂದ ಹೇಳುತ್ತಿದ್ದರು. ಒಂದೂವರೆ ವರ್ಷ ಹೀಗೆ ನಡೆಯಿತು. ನಮಗೆ ಯಾರಿಗೂ ಸುಳಿವಿಲ್ಲ. ಅಯ್ನೋರು ಈಚೆಗೆ ಭಾಳ ನಿಧಾನ, ಭಾಳ ಚಲೋ ಓದುತ್ತಾರೆ ಅಂತ ಹೊಗಳಿದ್ದೂ ಉಂಟು.

ಆಮೇಲೆ ಅಕ್ಕೋರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಹೇಳಿದ ಆ ಖಾಲಿ ವಾರಗಳು ಅವೇ. ನೋಡಲು ಹೋದೆ. ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವರು ನನ್ನನ್ನು ಹತ್ತಿರ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದರು.

"ಇದು ಮುಚ್ಚಿಡೂದಲ್ಲೇನ್ರಿ ಅಕ್ಕೋರ?" ಅಂದೆ.

"ಯಾರರ ಕೇಳಿದ್ರ ಹೇಳ್ತೇನಿ. ಇನ್ನೂ ಯಾರೂ ಕೇಳಿಲ್ಲ."

ಆಮೇಲೆ, "ನಾ ಏಳೂ ತನಕ ನೀ ಓದು" ಅಂದರು.

"ಫೋನಿನಾಗ ಓದಿ ಹೇಳೂದು ಬಂದೈತಲ್ರಿ ಈಗ."

"ಫೋನು ಅಯ್ನೋರ ಮಾರಿ ನೋಡೂದಿಲ್ಲ. ಎಲ್ಲಿ ಅವರಿಗೆ ನೆನಪು ತಪ್ಪಿತು ಅಂತ ಅದಕ್ಕ ಗೊತ್ತಾಗೂದಿಲ್ಲ. ನೀ ಓದು."

"ನನಗ ಟೈಮ್ ಇಲ್ರಿ."

"ಟೈಮ್ ಇಲ್ಲೋ, ಬರೂದಿಲ್ಲೋ?"

"ಬರ್ತೈತ್ರಿ," ಅಂದೆ. ಬರುವುದಿಲ್ಲ ಅನ್ನುವುದು ನನ್ನ ಬಾಯಲ್ಲಿ ಬರಲಿಲ್ಲ. ಅವರು ನನ್ನ ಮುಖ ನೋಡಿದರು.

ಮೊದಲ ಆರು ವಾರ ಸಣ್ಣ ಪಾಠಗಳು. ಹಿಂದಿನ ದಿನ ಕೆಲಸ ಮುಗಿಸಿ ಬಂದು, ಮನೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ಹನ್ನೆರಡು ಸಲ ಓದಿ ರೂಢಿ ಮಾಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ತೀರಿಕೊಂಡು ಆಗ ಮೂರು ವರ್ಷ. ಗೋಡೆಗಳ ಮುಂದೆ ಓದುವುದಕ್ಕೆ ನಾಚಿಕೆ ಇರಲಿಲ್ಲ. ಅಯ್ನೋರ ಮುಂದೆ ಗಡಗಡ ಓದಿ ಹೇಳಿದೆ. "ನಿನಗ ಇಷ್ಟು ಚಲೋ ಓದಾಕ ಬರ್ತೈತಂತ ಗೊತ್ತಿದ್ದಿಲ್ಲ ನನಗ" ಅಂದರು. ಆ ಮಾತು ನನ್ನ ತಲೆಗೇರಿತು.

ಏಳನೇ ವಾರ ಚರ್ಚಿನ ಬಿದ್ದ ಕಂಪೌಂಡು ಗೋಡೆಯನ್ನು ನಾನು ಕಟ್ಟಿ ಮುಗಿಸಿದ್ದೆ. ಅಯ್ನೋರಿಗೆ ಸಂತೋಷ. "ಈ ಭಾನುವಾರ ನಿನ್ನ ಗೌಂಡಿ ಮಂದೀ ಪಾಠ ಓದೂಣು" ಅಂದರು. ಹಿಂದಿನ ಕಾಲದಲ್ಲಿ ಒಂದು ಊರಿನ ಬಿದ್ದ ಗೋಡೆಯನ್ನು ಯಾರ್ಯಾರು, ಯಾವ ಯಾವ ತುಣುಕು ಕಟ್ಟಿದರು ಅಂತ ಹೆಸರು ಹಿಡಿದು ಹೇಳುವ ಪಾಠ ಅದು. ಇವನ ಪಕ್ಕ ಇವನು, ಅವನ ಪಕ್ಕ ಅವನು. ಆ ಬುಧವಾರ ಶಿಗ್ಗಾಂವಿಯಲ್ಲಿ ಸ್ಲ್ಯಾಬ್ ಹಾಕುವ ಕೆಲಸ, ರೂಢಿ ಮಾಡಿಕೊಳ್ಳಲು ಆಗಲಿಲ್ಲ. ಗುರುವಾರ ಹಾಗೆಯೇ ಹೋಗಿ ಕುಂತೆ. ಪರದೇಶದ ಹೆಸರುಗಳು, ಒತ್ತಿನ ಮೇಲೆ ಒತ್ತು. ಮೊದಲ ನಾಲ್ಕೈದನ್ನು ಹೇಗೋ ದಾಟಿದೆ. ಮುಂದೆ ಒಂದರ ಮುಂದೆ ನಿಂತುಬಿಟ್ಟೆ. ಅಯ್ನೋರು ಮುಖವನ್ನು ನನ್ನ ಕಡೆ ಎತ್ತಿಕೊಂಡು ಕಾಯುತ್ತಿದ್ದರು. ಕಾಣದವರ ಮುಖ ಕಾಯುವಾಗ ಬೇರೆಯೇ ಥರ ಇರುತ್ತದೆ. ಕಣ್ಣು ಕೆಳಗೆ ಸರಿಸಿ, ಹತ್ತು ಸಾಲು ಬಿಟ್ಟು, ಸುಲಭದ ಹೆಸರೊಂದು ಸಿಕ್ಕ ಕಡೆಯಿಂದ ಓದಿದೆ.

"ಇಷ್ಟ ಏನು? ಇನ್ನೂ ಮಂದಿ ಇದ್ರಲ್ಲ," ಅಂದರು.

"ಇಷ್ಟ ರೀ," ಅಂದೆ.

"ಹಂಗಾರ ನನಗ ಮರೆತಿರಬೇಕು." ಎಷ್ಟು ಸಹಜವಾಗಿ ನಂಬಿದರು ಅಂದರೆ, ಬಯ್ದಿದ್ದರೆ ಒಳ್ಳೆಯದಿತ್ತು. ಶನಿವಾರವೂ ಹಾಗೆಯೇ ಓದಿದೆ. ಒಮ್ಮೆ ಬಿಟ್ಟದ್ದನ್ನು ಮತ್ತೆ ಸೇರಿಸುವುದು ಹೇಗೆ?

ಭಾನುವಾರ ಅಕ್ಕೋರು ಕೋಲು ಹಿಡಿದು ಮೊದಲ ಸಲ ಹೊರಗೆ ಬಂದಿದ್ದರು. ಅಯ್ನೋರು ಪಾಠ ಶುರು ಮಾಡಿದರು. ನಮ್ಮ ಸಭೆಯಲ್ಲಿ ಎಲ್ಲರೂ ಪುಸ್ತಕ ತೆರೆದು ಜೊತೆಗೇ ನೋಡುವ ರೂಢಿ. ಬಿಟ್ಟ ಜಾಗ ಬಂದಾಗ ಹಾಳೆಗಳ ಸದ್ದಾಯಿತು; ತಾವೇ ಎಲ್ಲೋ ತಪ್ಪಿದೆವು ಅಂತ ಎಲ್ಲರೂ ಹುಡುಕತೊಡಗಿದರು. ಸಭೆಯ ಹಿರಿಯರೊಬ್ಬರಿದ್ದರು, ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಒಂದು ಕಾಮಾ ತಪ್ಪಿದರೂ ತಡೆಯದವರು. ಅವರು ಎದ್ದು ನಿಂತು, "ಅಯ್ನೋರ, ನಡುವ ಹತ್ತು ಸಾಲು ಬಿಟ್ರಿ. ತಿರುಗಿ ಓದ್ರಿ," ಅಂದರು.

ಅಯ್ನೋರು ಬೆರಳನ್ನು ಹಾಳೆಯಲ್ಲಿ ಮೇಲೆ ಕೆಳಗೆ ಓಡಿಸಿದರು. ಆ ಹಾಳೆ ಆ ಪಾಠದ್ದಲ್ಲ ಅಂತ ಮುಂದಿನ ಬೆಂಚಿನವರಿಗೆ ಕಾಣುತ್ತಿತ್ತು.

"ನನ್ನ ತಪ್ಪು. ಬಿಟ್ಟಿತು," ಅಂದರು. ಅಷ್ಟೇ ಹೇಳಿ ಪ್ರಾರ್ಥನೆಗೆ ಹೋದರು.

ಅಕ್ಕೋರು ಹಿಂದಿರುಗಿ ನನ್ನನ್ನು ನೋಡಿದರು. ನಾನು ಎದ್ದು ಹೇಳಬಹುದಿತ್ತು. ನನ್ನ ಕೈಯಲ್ಲಿ ಪುಸ್ತಕ ಇತ್ತು, ಬಾಯಿ ಇತ್ತು. ನಾನು ಕಟ್ಟಿದ ಗೋಡೆ ಕಿಟಕಿಯಿಂದ ಕಾಣುತ್ತಿತ್ತು. ಏಳಲಿಲ್ಲ.

ಸಂಜೆ ನಾನಾಗಿಯೇ ಅವರ ಮನೆಗೆ ಹೋದೆ. ಕೋಲು ಗೋಡೆಗೆ ಆನಿಸಿ ಕುಂತಿದ್ದರು. ಬಯ್ಯುತ್ತಾರೆ ಅಂದುಕೊಂಡಿದ್ದೆ.

"ಕೆಳಗ ಹತ್ತು ಕಲ್ಲು ಬಿಟ್ಟು ಮ್ಯಾಲ ಕಟ್ಟೀಯೇನು ಯಾವಾಗರ?"

"ಇಲ್ರಿ."

"ಆ ಹತ್ತು ಇಡು ಹಂಗಾರ. ಮುಂದಿನ ಭಾನುವಾರ. ಎಲ್ಲಾರ ಮುಂದ."

"ನನಗ ಓದಾಕ ಬರೂದಿಲ್ರಿ ಅಕ್ಕೋರ."

ನಲವತ್ತು ದಾಟಿದ ಮೇಲೆ ಮೊದಲ ಸಲ ಆ ಮಾತು ಆಡಿದೆ. "ಗೊತ್ತಿತ್ತು ನನಗ," ಅಂದರು. "ಗೊತ್ತಿದ್ದೂ ಹಚ್ಚಿದೆ. ನೀ ಬಂದು ಕೇಳ್ತಿ, ಕಲೀತಿ ಅಂದ್ಕೊಂಡಿದ್ದೆ. ಅದು ನನ್ನ ತಪ್ಪು. ಬಾ, ಕುಂದ್ರು." ಪುಸ್ತಕ ತೆರೆದರು. ಸೀಳಿದ ಉಗುರಿನ ಬೆರಳು ಸಾಲಿನ ಕೆಳಗೆ ಬಂತು.

ಆ ವಾರ ದಿನಾ ಸಂಜೆ ಅದೇ ಹತ್ತು ಸಾಲು. ಭಾನುವಾರ ಪಾಠದ ಹೊತ್ತಿಗೆ ಎದ್ದು ನಿಂತೆ. ಮೂರಂತಸ್ತಿನ ಎತ್ತರದಲ್ಲಿ ಒಂದು ಹಲಗೆಯ ಮೇಲೆ ನಿಂತು ಗೋಡೆಗೆ ಗಿಲಾವು ಮಾಡಿದವ ಇಲ್ಲಿ ಮುಂದಿನ ಬೆಂಚು ಹಿಡಿದುಕೊಂಡೆ. "ಹ್ವಾದ ವಾರ ಅಯ್ನೋರು ಬಿಟ್ಟಿದ್ದಲ್ಲ. ನಾ ಬಿಟ್ಟಿದ್ದು. ಅವರಿಗೆ ನಾನ ಓದಿ ಹೇಳಿದವ," ಅಂದೆ. ಆಮೇಲೆ ಓದಿದೆ. ಒಂದೊಂದೇ ಹೆಸರು, ನಿಂತು ನಿಂತು. ಯಾರೂ ನಗಲಿಲ್ಲ. ನಕ್ಕಿದ್ದರೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೀಗೆ ಅಯ್ನೋರ ಕಣ್ಣಿನ ವಿಷಯ ಹೊರಬಿತ್ತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅಲ್ಲೇ ಕುಂತರು. ಹಿರಿಯರು, "ಇದನ್ನ ಕಚೇರಿಗೆ ತಿಳಿಸಲಿಕ್ಕೇ ಬೇಕು. ಮುಚ್ಚಿಡೂದು ಸರಿ ಅಲ್ಲ," ಅಂದರು. ಅವರ ಮಾತಿನಲ್ಲಿ ಹಗೆ ಇರಲಿಲ್ಲ, ನಿಯಮ ಇತ್ತು. ಅಯ್ನೋರು ತಲೆ ತಗ್ಗಿಸಿ, "ಬರೀರಿ," ಅಂದರು.

ಅಕ್ಕೋರು ಕೋಲು ಊರಿ ಎದ್ದರು.

"ಮುಚ್ಚಿಟ್ಟಾಕಿ ನಾನು. ಅದು ತಪ್ಪು, ಬರೀರಿ. ಆದ್ರ ಪೂರಾ ಬರೀರಿ. ಅಯ್ನೋರಿಗೆ ಕಣ್ಣಿಲ್ಲ ಅಂತ ಒಂದು ಸಾಲು ಬರದ್ರ, ಓದಿ ಹೇಳಾಕ ನಾವು ಅದೇವಿ ಅಂತ ಇನ್ನೊಂದು ಸಾಲು ಬರೀರಿ. ಕೆಳಗ ಹೆಸರು ಹಾಕ್ರಿ. ಯಾರ ಹೆಸರು ಹಾಕೂದು, ಹೇಳ್ರಿ ಈಗ."

ಒಬ್ಬರು ಮೊಮ್ಮಗಳ ಪರೀಕ್ಷೆ ಅಂದರು, ಇನ್ನೊಬ್ಬರು ಅಂಗಡಿ ಅಂದರು. "ನಂದು ಹಾಕ್ರಿ," ಅಂದೆ. ಗುಮಾಸ್ತ ಹಿರಿಯರು ಜೇಬಿನಿಂದ ಪೆನ್ನು ತೆಗೆದು, ಅಕ್ಕೋರದು, ನನ್ನದು ಬರೆದು, ಕೊನೆಗೆ ತಮ್ಮದನ್ನೂ ಬರೆದರು. ಆಮೇಲೆ ಹೊಲಿಗೆ ಮಾಡುವ ಒಬ್ಬ ಹೆಣ್ಣುಮಗಳು. ಒಟ್ಟು ನಾಲ್ಕು.

ತಿಂಗಳ ಮೇಲೆ ಉತ್ತರ ಬಂತು. ಸೇವೆ ಮುಗಿಯುವ ತನಕ ಅವರೇ ಇರಲಿ ಅಂತ. ಅಕ್ಕೋರು ಆ ಕಾಗದವನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. "ಅನುಮೋದನೆ" ಅನ್ನುವಲ್ಲಿ ನಿಂತೆ. ಅವರು ಕಾದರು.

ಅಲ್ಲಿಂದ ಎರಡು ವರ್ಷ, ಸೋಮವಾರ ಸಂಜೆ ಕೆಲಸ ಬಿಟ್ಟ ಮೇಲೆ ಸಿಮೆಂಟಿನ ಕೈ ತೊಳೆದುಕೊಂಡು ಅವರ ಮನೆಗೆ ಓದಲು ಹೋಗುತ್ತಿದ್ದೆ. ಅವರ ಮನೆಯಲ್ಲಿ ಎರಡು ಕುರ್ಚಿ. ಎರಡನೆಯದರ ಮೇಲೆ ಮೊದಲು ಮಡಚಿದ ಬಟ್ಟೆ ಇರುತ್ತಿತ್ತು. ನಾನು ಬರತೊಡಗಿದ ಮೇಲೆ ಅದು ಖಾಲಿ ಇರುತ್ತಿತ್ತು. ಹೆಚ್ಚು ಮಾತಿಲ್ಲ. ಓದು, ಒಂದು ಕಪ್ಪು ಚಹಾ, ಒಂದು ಬಯ್ಗುಳ. ಕೊನೆಯ ಸೋಮವಾರ ಇಡೀ ಪುಟವನ್ನು ನಿಲ್ಲದೆ ಓದಿದೆ. "ಇವತ್ತ ಎಲ್ಲೂ ಎಡವಲಿಲ್ಲ," ಅಂದರು. ನಾನು ಉಬ್ಬುವಷ್ಟರಲ್ಲಿ, "ಭಾಳ ಅವಸರ ಮಾಡಿದಿ. ಕೇಳಾವರು ಹಿಂದ ಉಳೀತಾರ," ಅಂದರು.

ಬುಧವಾರ ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದಳು, ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ದೂರದ ಅಣ್ಣನ ಮಗ ಒಬ್ಬ ಬಂದು ಮಧ್ಯಾಹ್ನದ ಬಸ್ಸಿಗೇ ಮರಳಿದ. ಮಣ್ಣಿಗೆ ಹೋಗುವ ಮೊದಲು ಅಯ್ನೋರು ನನ್ನನ್ನು ಕರೆದು, "ಪಾಠ ಓದು, ಒಮ್ಮೆ ಕೇಳಿದ್ರ ಸಾಕು," ಅಂದರು. ನಿಧಾನವಾಗಿ ಓದಿದೆ. ಸಮಾಧಿಯ ಹತ್ತಿರ ಅವರು ಪುಸ್ತಕ ಹಿಡಿಯಲಿಲ್ಲ. ಎರಡೂ ಕೈ ಖಾಲಿ ಬಿಟ್ಟುಕೊಂಡು ನಿಂತು ಹೇಳಿದರು. ನಾನು ಓದಿದ್ದರಲ್ಲಿ ಒಂದಕ್ಷರ ಕಡಿಮೆ ಇಲ್ಲ, ಹೆಚ್ಚಿಲ್ಲ. ಆ ಸಮಾಧಿಯನ್ನು ನಾನೇ ಕಟ್ಟಿದೆ. ಹೆಸರಿನ ಕಲ್ಲನ್ನು ಮೂರು ಸಲ ಓದಿ ನೋಡಿ ಇಟ್ಟೆ.

ಆ ಕಾಗದದ ನಾಲ್ವರಲ್ಲಿ ಹೊಲಿಗೆಯ ಹೆಣ್ಣುಮಗಳು ಹಾವೇರಿಗೆ ಹೋದಳು. ಹಿರಿಯರಿಗೆ ಮರೆವು ಬಂದಿದೆ, ನನ್ನನ್ನು ನೋಡಿದರೆ ಯಾವ ಊರವ ಅಂತ ಕೇಳುತ್ತಾರೆ. ಅಯ್ನೋರ ಸೇವೆ ಮುಗಿಯಿತು. ಮಗಳು ಕರೆದರೂ ಹೋಗದೆ ಇಲ್ಲೇ ಒಂದು ಕೋಣೆ ಹಿಡಿದಿದ್ದಾರೆ. ಹೊಸ ಸಭಾಪಾಲಕರು ಹಾವೇರಿಯಿಂದ ತಿಂಗಳಿಗೊಮ್ಮೆ ಬರುತ್ತಾರೆ; ಉಳಿದ ಭಾನುವಾರ ಇವರೇ ನಿಲ್ಲುತ್ತಾರೆ, ನಾವು ಒಂಬತ್ತೋ ಹತ್ತೋ ಮಂದಿ ಕೇಳುತ್ತೇವೆ. ಬೆಂಚು ಒರೆಸುವುದು ನಾನೇ. ಎರಡನೇ ಸಾಲಿನ ಗೋಡೆ ಬದಿಗೆ ಕೂಡ್ರುವಂತೆ ಯಾರಿಗೂ ಹೇಳಿಲ್ಲ, ಕೂಡಬೇಡಿ ಅಂತಲೂ ಹೇಳಿಲ್ಲ. ಯಾರೂ ಕೂಡುವುದಿಲ್ಲ.

ಈಗ ನನಗೆ ಇರುವುದು ಎರಡು ಕೋಣೆಯ ಸ್ವಂತ ಮನೆ, ಒಂದು ಸ್ಕೂಟರು, ಕೈಕೆಳಗೆ ಆರು ಜನ ಕೆಲಸಗಾರರು, ಚರ್ಚಿನ ಬೀಗದ ಕೈ ಒಂದು, ನಿಜವಾದ ಕನ್ನಡಕ ಒಂದು. ಗುರುವಾರ ನಾಲ್ಕಕ್ಕೆ ನನ್ನ ಓದು ಕೇಳಲು ಒಬ್ಬರಿದ್ದಾರೆ. ತಪ್ಪಿದರೆ ತಿದ್ದಲು ಯಾರೂ ಇಲ್ಲ.